ಮರಳುವ ದಿನಾಂಕವಿಲ್ಲದ ಪ್ರಯಾಣ

(ವಿಜಯಪುರದ ಜಲನಗರದಲ್ಲಿ ಕುಟುಂಬಗಳಿಗಾಗಿ ಏರ್ಪಡಿಸಲಾಗಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಗರೀಬ್ ಎಂಬ ಪದ ನಮಗೆಲ್ಲ ಪರಿಚಿತ. ನಮ್ಮ ಉರ್ದುವಿನಲ್ಲಿ ಅದಕ್ಕೆ ಬಡವನೆಂದು ಅರ್ಥ. ಆದರೆ ಅದರ ಮೂಲವಾದ ಅರಬಿಯಲ್ಲಿ ಗರೀಬ್ ಎಂದರೆ ಪರದೇಶಿ, ತನ್ನವರಿಂದ ದೂರವಾದವನು. ಆದಿಲ್‌ಶಾಹಿಗಳ ಕಾಲದಲ್ಲಿ ಇರಾನ್, ಮಧ್ಯ ಏಷ್ಯಾ ಮತ್ತು ಅರಬ್ ನಾಡುಗಳಿಂದ ಉದ್ಯೋಗವನ್ನರಸಿ ದಖ್ಖನಿಗೆ ಬಂದವರನ್ನು ಗರೀಬರೆಂದೂ ಆಫಾಕಿಗಳೆಂದೂ ಕರೆಯುತ್ತಿದ್ದರು. ಇತಿಹಾಸಕಾರ ಫಿರಿಶ್ತಾ ಅವರಲ್ಲೊಬ್ಬ. ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯೊಂದಿಗೆ ಅಹ್ಮದ್‌ನಗರಕ್ಕೆ ಬಂದ ಆತ 1589ರಲ್ಲಿ ಈ ಊರನ್ನು ಸೇರಿ, ಎರಡನೇ ಇಬ್ರಾಹೀಮ್ ಆದಿಲ್‌ಶಾಹನ ಆಶ್ರಯದಲ್ಲಿ ತನ್ನ ಇತಿಹಾಸ ಗ್ರಂಥವನ್ನು ಬರೆದ. ಅಂದು ಬಂದವರಲ್ಲಿ ಅನೇಕರು ಇಲ್ಲಿಯೇ ಮನೆ ಕಟ್ಟಿದರು, ಸಂಬಂಧ ಬೆಳೆಸಿದರು. ಅವರ ಮೊಮ್ಮಕ್ಕಳು ಈ ಮಣ್ಣಿನವರೇ ಆದರು.

ಇಂದು ದಾರಿ ತಿರುಗಿದೆ. ರಿಯಾದ್, ದಮ್ಮಾಮ್, ಜುಬೈಲ್, ದುಬೈಗಳಲ್ಲಿ ಗರೀಬರಾಗಿರುವವರು ನಮ್ಮ ಮನೆಯ ಗಂಡಸರು. ಆದರೆ ಒಂದು ವ್ಯತ್ಯಾಸವಿದೆ. ಆ ದೇಶಗಳಲ್ಲಿ ಇಪ್ಪತ್ತೈದು ವರ್ಷ ದುಡಿದರೂ ಸಾಮಾನ್ಯ ಕಾರ್ಮಿಕನಿಗೆ ಪೌರತ್ವ ಸಿಗುವುದಿಲ್ಲ. ಇಕಾಮಾ ನವೀಕರಣವಾಗದಿದ್ದರೆ ಅವನು ಹೊರಡಲೇಬೇಕು. ಅಂದರೆ ಮರಳುವುದು ನಿಶ್ಚಿತ. ನಿಶ್ಚಿತವಲ್ಲದ್ದು ದಿನಾಂಕ ಮಾತ್ರ. ಆ ದಿನಾಂಕವನ್ನು ಕಫೀಲನು ತೀರ್ಮಾನಿಸಬೇಕೋ, ಕಂಪನಿ ತೀರ್ಮಾನಿಸಬೇಕೋ, ಅಥವಾ ಗಂಡ ಹೆಂಡತಿ ಒಟ್ಟಿಗೆ ಕುಳಿತು ತೀರ್ಮಾನಿಸಬೇಕೋ ಎಂಬುದೇ ಇಂದಿನ ನಮ್ಮ ವಿಷಯ.

ಇಂಥ ಮನೆಗಳ ದಿನಚರಿಯನ್ನು ಸ್ವಲ್ಪ ನೋಡೋಣ. ಸೌದಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದಿದೆ. ಕೆಲಸ ಮುಗಿಸಿ, ಇಶಾ ನಮಾಝ್ ಮಾಡಿ, ಅಡುಗೆಯ ಸರದಿ ಮುಗಿದು ಅಬ್ಬಾ ಫೋನ್ ಹಿಡಿಯುವಾಗ ಅಲ್ಲಿ ರಾತ್ರಿ ಹತ್ತು. ಇಲ್ಲಿ ಹನ್ನೆರಡೂವರೆ, ಮಗು ಮಲಗಿ ಮೂರು ಗಂಟೆಯಾಗಿರುತ್ತದೆ. ರಜೆಯ ದಿನ ಮಾತನಾಡೋಣವೆಂದರೆ, 2013ರಿಂದ ಸೌದಿಯ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಆ ಎರಡೂ ದಿನ ನಮ್ಮ ಮಕ್ಕಳಿಗೆ ಶಾಲೆ. ನಮ್ಮ ಮಕ್ಕಳ ರಜೆ ಭಾನುವಾರ. ಅಂದು ತಂದೆ ಕೆಲಸದಲ್ಲಿ. ಪ್ರೀತಿಯಲ್ಲಿ ಕೊರತೆಯಿಲ್ಲದ ಮನೆಯಲ್ಲಿಯೂ ತಂದೆ ಮತ್ತು ಮಗು ಇಬ್ಬರೂ ಎಚ್ಚರವಾಗಿ, ಬಿಡುವಾಗಿ ಇರುವ ಹೊತ್ತು ವಾರದಲ್ಲಿ ಎಷ್ಟು ಉಳಿಯಿತು? ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದ ತಂದೆಯನ್ನು ಕಂಡು ಮಗು ಅಮ್ಮಿಯ ಸೆರಗಿನ ಹಿಂದೆ ಅಡಗುತ್ತದೆ. ನಾವು ನಗುತ್ತೇವೆ. ಅದು ನಗುವ ಸಂಗತಿಯಲ್ಲ.

ಹಾಗಾದರೆ ಕುಟುಂಬವನ್ನೇ ಕರೆದೊಯ್ಯಬಾರದೇ ಎಂದು ಕೇಳುವಿರಿ. ಕರೆದೊಯ್ದವರ ಕಥೆಯನ್ನೂ ಕೇಳಿ. ಸೌದಿ ಸರಕಾರವು 2017ರ ಜುಲೈಯಿಂದ ಅವಲಂಬಿತರ ಮೇಲೆ ಶುಲ್ಕ ವಿಧಿಸಿತು. ತಲೆಗೆ ತಿಂಗಳಿಗೆ 100 ರಿಯಾಲ್‌ನಿಂದ ಆರಂಭವಾಗಿ, ವರ್ಷಕ್ಕೆ ನೂರರಂತೆ ಹೆಚ್ಚಿ, 2020ರಲ್ಲಿ 400ಕ್ಕೆ ಏರಿತು. ಪತ್ನಿ ಮತ್ತು ಮೂವರು ಮಕ್ಕಳಿದ್ದರೆ ವರ್ಷಕ್ಕೆ 19,200 ರಿಯಾಲ್. ತಿಂಗಳಿಗೆ 3,000 ರಿಯಾಲ್ ಪಡೆಯುವವನ ಇಡೀ ವರ್ಷದ ಸಂಬಳವೇ 36,000. ಮನೆ ಬಾಡಿಗೆ, ಶಾಲೆಯ ಫೀಸು ಬೇರೆ. ಅದೇ 2020ರ ಜುಲೈಯಲ್ಲಿ ಮೌಲ್ಯವರ್ಧಿತ ತೆರಿಗೆಯೂ ಶೇ. 5ರಿಂದ 15ಕ್ಕೆ ಏರಿತು. ಈ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಎಕ್ಸಿಟ್ ಹಾಕಿಸಿಕೊಂಡು ಊರಿಗೆ ಮರಳಿದವು. ಗಂಡಸರು ಎರಡು ಕೋಣೆಯ ಫ್ಲಾಟ್ ಬಿಟ್ಟು ಮತ್ತೆ ಬ್ಯಾಚುಲರ್ ರೂಮಿನ ಮಂಚ ಹತ್ತಿದರು.

ಮರಳಿ ಬಂದ ಮಕ್ಕಳ ಪಾಡು ಇನ್ನೊಂದು. ಅಲ್ಲಿ ಸಿಬಿಎಸ್‌ಇ ಶಾಲೆಯಲ್ಲಿ ಓದಿದ ಮಗುವಿಗೆ ಹಿಂದಿ ಬರುತ್ತದೆ, ಅರಬಿ ಅಕ್ಷರ ಬರುತ್ತದೆ, ಕನ್ನಡ ಬರುವುದಿಲ್ಲ. ನಮ್ಮ ರಾಜ್ಯದ ಕನ್ನಡ ಭಾಷಾ ಕಲಿಕಾ ಕಾಯ್ದೆ 2015ರದ್ದು. 2017-18ರಿಂದ ಒಂದನೇ ತರಗತಿಯಿಂದ ಹಂತಹಂತವಾಗಿ ಜಾರಿಯಾಯಿತು. ಈ ನಾಡಿನಲ್ಲಿ ಬದುಕುವವನಿಗೆ ಈ ನಾಡಿನ ಭಾಷೆ ಬೇಡವೆಂದು ಯಾವ ವಿವೇಕಿಯೂ ಹೇಳಲಾರ. ದುಬೈಯಲ್ಲಿ ಕನ್ನಡ ಮಿತ್ರರು ಸಂಘಟನೆಯವರು ಮಕ್ಕಳಿಗೆ ಉಚಿತವಾಗಿ ಕನ್ನಡ ಕಲಿಸುತ್ತಾ ಬಂದಿದ್ದಾರೆ. ಅಂಥ ತರಗತಿಗೆ ನಮ್ಮ ಮಕ್ಕಳನ್ನು ಕಳುಹಿಸಲು ಯಾವ ಫತ್ವಾ ಅಡ್ಡಿಯಾಗಿದೆ? ಒಂದಲ್ಲ ಒಂದು ದಿನ ಬಬಲೇಶ್ವರಕ್ಕೋ ತಿಕೋಟಾಕ್ಕೋ ಮರಳಲೇಬೇಕಾದ ಮಗುವಿಗೆ ಅಲ್ಲಿಯೇ ಅ ಆ ಇ ಈ ತಿದ್ದಿಸುವುದು ತಂದೆ ತಾಯಿಗಳ ಹೊಣೆ.

ಇನ್ನು ಧರ್ಮದ ಮಾತಿಗೆ ಬರೋಣ. ಮದ್ರಸಗಳಲ್ಲಿ ಮುಸಾಫಿರನ ನಮಾಝ್ ಎಷ್ಟು ರಕಅತ್ ಎಂಬುದನ್ನು ನಾವು ವಿವರವಾಗಿ ಓದುತ್ತೇವೆ. ಮುಸಾಫಿರನ ಪತ್ನಿಯ ಹಕ್ಕಿನ ಬಗ್ಗೆ ಮಿಂಬರ್‌ಗಳಿಂದ ಕೇಳಿಬರುವುದು ಅಪರೂಪ. ಖಲೀಫಾ ಉಮರ್(ರ) ಒಂದು ರಾತ್ರಿ ಮದೀನಾದ ಬೀದಿಯಲ್ಲಿ ಗಸ್ತು ತಿರುಗುತ್ತಿದ್ದಾಗ, ಪತಿ ಯುದ್ಧಕ್ಕೆ ಹೋಗಿದ್ದ ಸ್ತ್ರೀಯೊಬ್ಬಳು ತನ್ನ ಒಂಟಿತನವನ್ನು ಹಾಡಿಕೊಳ್ಳುವುದನ್ನು ಕೇಳಿದರೆಂದು ವರದಿಗಳಿವೆ. ಅವರು ಆಕೆಯನ್ನು ಗದರಿಸಲಿಲ್ಲ, ಸಬ್ರ್ ಮಾಡೆಂದು ಉಪದೇಶಿಸಲಿಲ್ಲ. ಮಗಳು ಹಫ್ಸಾ(ರ) ಅವರ ಬಳಿ ಹೋಗಿ, ಪತಿಯಿಲ್ಲದೆ ಹೆಣ್ಣು ಎಷ್ಟು ಕಾಲ ತಾಳಿಕೊಳ್ಳಬಲ್ಲಳೆಂದು ವಿಚಾರಿಸಿದರು. ಉತ್ತರವು ಕೆಲವು ವರದಿಗಳಲ್ಲಿ ನಾಲ್ಕು ತಿಂಗಳು, ಕೆಲವದರಲ್ಲಿ ಆರು ತಿಂಗಳು. ಅದರಂತೆ ಸೈನಿಕರನ್ನು ಆ ಅವಧಿಗಿಂತ ಹೆಚ್ಚು ದೂರವಿರಿಸಬಾರದೆಂದು ಆಜ್ಞೆ ಹೊರಡಿಸಿದರು. ಗಮನಿಸಿ, ಆ ಪತಿ ಹೋದದ್ದು ಜಿಹಾದಿಗೆ. ಮೂರನೇ ಮಹಡಿ ಕಟ್ಟಿಸುವುದಕ್ಕಲ್ಲ. ಪ್ರಯಾಣಿಕನು ತನ್ನ ಕೆಲಸ ಮುಗಿದೊಡನೆ ಬೇಗನೆ ಮನೆಗೆ ಮರಳಬೇಕೆಂಬುದು ಪ್ರವಾದಿ(ಸ)ಯವರ ಬೋಧನೆಯೂ ಹೌದು.

ಹೊಟ್ಟೆಪಾಡಿನ ಅನಿವಾರ್ಯತೆಯನ್ನು ವಿದ್ವಾಂಸರು ಅಲ್ಲಗಳೆದಿಲ್ಲ. ಮಳೆ ನಂಬಿ ಬದುಕಲಾಗದ, ಕಾರ್ಖಾನೆಗಳು ವಿರಳವಾದ ಈ ಜಿಲ್ಲೆಯಿಂದ ಗೋವಾಕ್ಕೆ, ಪುಣೆಗೆ, ಮುಂಬೈಗೆ ಎಲ್ಲ ಸಮುದಾಯದವರೂ ಗುಳೆ ಹೋಗುತ್ತಾರೆ. ಗಲ್ಫ್ ಅದರದೇ ಮುಂದಿನ ನಿಲ್ದಾಣ. ಇಲ್ಲಿ ಉದ್ಯೋಗ ಸೃಷ್ಟಿಸದ ಸರಕಾರಗಳು ಗಲ್ಫ್ ಹಣವನ್ನು ಮಾತ್ರ ಹೊಗಳುತ್ತವೆ. ಕೇರಳವು ಅನಿವಾಸಿಗಳಿಗಾಗಿ 1996ರಲ್ಲಿಯೇ ಪ್ರತ್ಯೇಕ ಇಲಾಖೆ ತೆರೆದು, 2008ರಲ್ಲಿ ಕ್ಷೇಮನಿಧಿಯ ಕಾನೂನು ಮಾಡಿತು. ನಮ್ಮ ಶಾಸಕರಿಗೆ ಅದನ್ನು ನೆನಪಿಸುವ ಮನವಿಯನ್ನಾದರೂ ನಾವು ಕೊಟ್ಟಿದ್ದೇವೆಯೇ?

ಆದರೆ ಎಲ್ಲ ಹೊರೆಯನ್ನೂ ಸರಕಾರದ ಮೇಲೆ ಹಾಕಲಾಗದು. ಎರಡು ವರ್ಷಕ್ಕೆಂದು ಹೋದವನು ಹದಿನೈದು ವರ್ಷ ಅಲ್ಲಿಯೇ ಉಳಿಯುವುದೇಕೆ? ಮೊದಲು ವೀಸಾದ ಸಾಲ. ಅದು ತೀರಿದ ಮೇಲೆ ತಂಗಿಯ ಮದುವೆ. ಜೋಡೆಯ ಹಣ, ಬೈಕು, ಚಿನ್ನ, ಸಾವಿರ ಜನರ ಊಟ. ಅದು ತೀರುವಷ್ಟರಲ್ಲಿ ಇನ್ನೊಬ್ಬ ತಂಗಿ. ಶಾದಿಮಹಲ್‌ನಲ್ಲಿ ನಾವು ಎರಡನೇ ಬಾರಿ ಬಿರಿಯಾನಿ ಬಡಿಸಿಕೊಳ್ಳುವಾಗ, ಆ ತಟ್ಟೆಯಲ್ಲಿ ಯಾರದೋ ಮಗುವಿನ ಪಾಲಿನ ತಂದೆಯ ದಿನಗಳಿವೆ. ಹುಡುಗನ ಕಡೆಯವರು ಕೇಳುತ್ತಾರೆಂದು ಹುಡುಗಿಯ ಕಡೆಯವರು ದೂರುತ್ತಾರೆ; ಅದೇ ಮನೆಯ ಮಗನ ಮದುವೆಯಲ್ಲಿ ತಾವೂ ಕೇಳುತ್ತಾರೆ. ಜಮಾಅತ್ ಕಮಿಟಿಗಳು ಇಂಥ ನಿಕಾಹ್‌ಗೆ ರಿಜಿಸ್ಟರ್ ತೆರೆಯಲು ನಿರಾಕರಿಸಿದರೆ ಎಷ್ಟು ಮಂದಿ ಸಹೋದರರು ಮೂರು ವರ್ಷ ಮೊದಲೇ ಮನೆಗೆ ಬಂದಾರು!

ಮುಂದಿನ ರಜೆಗೆ ಬಂದಾಗ ದಂಪತಿಗಳು ಕುಳಿತು ಲೆಕ್ಕ ಬರೆಯಲಿ: ಸಾಲವೆಷ್ಟು, ಮನೆಗೆ ಎಷ್ಟು, ಇಲ್ಲಿ ಅಂಗಡಿಯೋ ಆಟೋವೋ ಹಾಕಲು ಎಷ್ಟು ಬೇಕು, ಯಾವ ತಿಂಗಳು ಎಕ್ಸಿಟ್. ಪತ್ನಿ ಒಪ್ಪಿದ ಅವಧಿ ಮಾತ್ರ ಒಪ್ಪಿದ ಅವಧಿ. ಅತ್ತೆಯ ಮುಂದೆ ತಲೆಯಾಡಿಸಿದ್ದು ಸಮ್ಮತಿಯಲ್ಲ.

ಇಲ್ಲಿರುವ ಸಹೋದರಿಯರಲ್ಲಿ ಕೊನೆಯದಾಗಿ ಒಂದು ವಿನಂತಿ. ಪತಿಯ ಕಂಪನಿಯ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಇಕಾಮಾ ಸಂಖ್ಯೆ ನಿಮ್ಮಲ್ಲಿ ಎಷ್ಟು ಜನರ ಬಳಿ ಬರೆದಿಟ್ಟಿದೆ? ವಿದೇಶಾಂಗ ಸಚಿವಾಲಯದ ಮದದ್ ವ್ಯವಸ್ಥೆಗೆ ದೂರು ಕೊಡಬೇಕಾದರೂ ಆ ವಿವರಗಳು ಬೇಕು. ಹತ್ತನೇ ತರಗತಿ ಪಾಸಾಗದೆ ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಕೆಲಸಕ್ಕೆ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವಿಕಲತೆಯಾದರೆ 10 ಲಕ್ಷ ರೂಪಾಯಿಯ ವಿಮೆ ಅದು. ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿಯೇ ಕೆಲಸ ಹುಡುಕು ಎನ್ನುವ ಏಜೆಂಟನು ನಿಮ್ಮ ಮಗನಿಂದ ಮೊದಲು ಕಸಿಯುವುದು ಈ ರಕ್ಷಣೆಯನ್ನು. ಇಂದು ರಾತ್ರಿ ಫೋನ್ ಬಂದಾಗ ಊಟವಾಯಿತೇ ಎಂದು ಕೇಳಿದ ಮೇಲೆ ಪಾಲಿಸಿಯ ಕಾಗದ ಎಲ್ಲಿದೆಯೆಂದೂ ಕೇಳಿ. ಅದರ ಫೋಟೊ ತರಿಸಿಕೊಳ್ಳಿ.