ಎರಡು ಪ್ರತಿಶತದ ಪ್ರತಿಫಲ



ನಿರ್ದೇಶಕ ಮಂಡಳಿಯ ಸಭೆಗಳಲ್ಲಿ ಸಿಎಸ್‌ಆರ್ ವಿಷಯ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಈ ಹಣದಿಂದ ಕಂಪನಿಗೆ ಬರುವುದೇನು? ವ್ಯಾಪಾರಸ್ಥರಿಗೆ ಇದು ಸಹಜವಾದ ಪ್ರಶ್ನೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಭಾರತದ ಕಾನೂನು ಇದಕ್ಕೆ ಮೊದಲೇ ಉತ್ತರ ಬರೆದಿಟ್ಟಿದೆ.

2013ರ ಕಂಪನಿ ಕಾಯಿದೆಯ 135ನೇ ಕಲಮು 2014ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ನಿಗದಿತ ಗಾತ್ರದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕು. ಸರಾಸರಿ 100 ಕೋಟಿ ಇದ್ದಲ್ಲಿ 2 ಕೋಟಿ. ಅದೇ 2014ರಲ್ಲಿ ಆದಾಯ ತೆರಿಗೆ ಕಾಯಿದೆಗೆ ಸೇರಿಸಿದ ವಿವರಣೆಯ ಪ್ರಕಾರ ಈ 2 ಕೋಟಿ ವ್ಯಾಪಾರದ ಖರ್ಚೆಂದು ಪರಿಗಣಿತವಾಗದು. ಶೇ. 22ರ ದರವನ್ನು ಆಯ್ದುಕೊಂಡ ಕಂಪನಿಗೆ 80ಜಿ ರಿಯಾಯಿತಿಯೂ ಇಲ್ಲ. ಸರ್‌ಚಾರ್ಜ್, ಸೆಸ್ ಸೇರಿ ಆ ಮೊತ್ತದ ಮೇಲೆ ಸುಮಾರು 50 ಲಕ್ಷ ತೆರಿಗೆಯನ್ನೂ ಅದು ತೆರಬೇಕು. ನೌಕರರಿಗಷ್ಟೇ ಅನುಕೂಲವಾಗುವ ಕೆಲಸ, ಸರಕಿನ ಪ್ರಚಾರಕ್ಕೆಂದು ಕೊಡುವ ಪ್ರಾಯೋಜಕತ್ವ ಇವನ್ನು 2021ರ ನಿಯಮಗಳು ಹೊರಗಿಟ್ಟಿವೆ. ಯೋಜನೆಯಲ್ಲಿ ಮಿಕ್ಕ ಹಣವೂ ಲಾಭಕ್ಕೆ ಸೇರಕೂಡದು. ಸರ್ಕಾರ ಇದನ್ನು ತೆರಿಗೆಯೆಂದು ಕರೆಯುವುದಿಲ್ಲ, ಅಷ್ಟೇ.

ಷೇರುಪೇಟೆಗೆ ಇದು ಬೇಗನೆ ಅರ್ಥವಾಯಿತು. ಹರಿಓಂ ಮಂಚಿರಾಜು ಮತ್ತು ಶಿವರಾಂ ರಾಜಗೋಪಾಲ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಕಡ್ಡಾಯಕ್ಕೆ ಒಳಪಟ್ಟ ಕಂಪನಿಗಳ ಷೇರು ಬೆಲೆ ಸರಾಸರಿ ಶೇ. 4.1ರಷ್ಟು ಇಳಿಯಿತು. ಇನ್ನೊಂದು ಸಂಶೋಧನೆ ಮತ್ತಷ್ಟು ಕುತೂಹಲಕರ. ಮೊದಲು ಶೇ. 2ಕ್ಕಿಂತ ಹೆಚ್ಚು ನೀಡುತ್ತಿದ್ದ ದೊಡ್ಡ ಕಂಪನಿಗಳು ಕಾಯಿದೆ ಬಂದ ಮೇಲೆ ಕೈ ಹಿಡಿದವು ಎಂದು ಧಮ್ಮಿಕ ಧರ್ಮಪಾಲ ಮತ್ತು ವಿಕ್ರಮಾದಿತ್ಯ ಖನ್ನಾ ಕಂಡುಕೊಂಡರು. ಕನಿಷ್ಠವೆಂದು ಗೊತ್ತುಮಾಡಿದ್ದು ಗರಿಷ್ಠವಾಯಿತು.

ಸಮಾಜಹಿತವೂ ಲಾಭವೂ ಕೂಡಿಬರುವುದೇ ಇಲ್ಲವೆಂದು ಇದರ ಅರ್ಥವಲ್ಲ. ಐಟಿಸಿ 2000ದಲ್ಲಿ ಮಧ್ಯಪ್ರದೇಶದ ಹಳ್ಳಿಗಳಲ್ಲಿ ಇ-ಚೌಪಾಲ್ ತೆರೆದಾಗ ಸೋಯಾ ರೈತರಿಗೆ ಬೆಲೆ ಮುಂಚಿತವಾಗಿಯೇ ತಿಳಿಯತೊಡಗಿತು, ಕಂಪನಿಗೆ ಸರಕು ನೇರವಾಗಿ ದೊರೆಯಿತು. ಆದರೆ ಅದು ಖರೀದಿಯ ವ್ಯವಹಾರ. ಇಂದಿನ ನಿಯಮದಂತೆ ಸಿಎಸ್‌ಆರ್ ಲೆಕ್ಕಕ್ಕೆ ಬಾರದು.

ದಾನವು ಕಂಪನಿಯ ಹೆಸರನ್ನಾದರೂ ಕಾಯುತ್ತದೆ ಎಂಬ ವಾದ ಇನ್ನೂ ಉಳಿದಿದೆ. ಹೈದರಾಬಾದಿನಲ್ಲಿ ನೆಲೆಸಿದವರಿಗೆ ಸತ್ಯಂ ನೆನಪಿರಬಹುದು. ಅದರ ಸ್ಥಾಪಕ ರಾಮಲಿಂಗ ರಾಜು 2005ರಲ್ಲಿ ಇಎಂಆರ್‌ಐ ಸಂಸ್ಥೆಯನ್ನು ಕಟ್ಟಿ 108 ಆಂಬುಲೆನ್ಸ್ ಸೇವೆ ಆರಂಭಿಸಿದರು. ಕಾನೂನಿನ ಒತ್ತಾಯವಿರಲಿಲ್ಲ, ಸೇವೆ ನಿಜವಾದದ್ದು. ಅಪಘಾತದಲ್ಲಿ ಬಿದ್ದವರನ್ನು, ಹೆರಿಗೆಯ ನೋವಿನಲ್ಲಿದ್ದವರನ್ನು ಆ ವಾಹನಗಳು ಆಸ್ಪತ್ರೆಗೆ ಮುಟ್ಟಿಸಿದವು. 2008ರಲ್ಲಿ ಉತ್ತಮ ಕಂಪನಿ ಆಡಳಿತಕ್ಕೆಂದು ಸತ್ಯಂಗೆ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂದಿತು. 2009ರ ಜನವರಿ 7ರಂದು ರಾಜು ತಪ್ಪೊಪ್ಪಿಗೆಯ ಪತ್ರ ಬರೆದರು: ಲೆಕ್ಕಪತ್ರದಲ್ಲಿದ್ದ ಸಾವಿರಾರು ಕೋಟಿ ನಗದು ವಾಸ್ತವದಲ್ಲಿ ಇರಲೇ ಇಲ್ಲ. ಆ ಒಂದೇ ದಿನ ಷೇರಿನ ಬೆಲೆ ಮುಕ್ಕಾಲು ಪಾಲಿಗೂ ಮಿಕ್ಕಿ ಕುಸಿಯಿತು. ಆಂಬುಲೆನ್ಸಿನ ಪುಣ್ಯವನ್ನು ಪೇಟೆ ಲೆಕ್ಕಕ್ಕೆ ಹಿಡಿಯಲಿಲ್ಲ, ಹಿಡಿಯಬೇಕಾಗಿಯೂ ಇರಲಿಲ್ಲ.

ಆಂಬುಲೆನ್ಸುಗಳು ಮಾತ್ರ ನಿಲ್ಲಲಿಲ್ಲ. ಅದೇ ವರ್ಷ ಜಿವಿಕೆ ಸಮೂಹ ಇಎಂಆರ್‌ಐಯ ಹೊಣೆ ಹೊತ್ತಿತು. ಕೆಲವೇ ತಿಂಗಳ ಹಿಂದೆ ಕರ್ನಾಟಕದಲ್ಲಿ ಆರಂಭವಾಗಿದ್ದ ‘ಆರೋಗ್ಯ ಕವಚ’ ಸೇವೆಯೂ ಮುಂದುವರಿಯಿತು. ಕಟ್ಟಿದವರ ಕಂಪನಿ ಮುಳುಗಿದರೂ ಕರೆ ಮಾಡಿದವರ ಮನೆ ಬಾಗಿಲಿಗೆ ವಾಹನ ಬಂದಿತು.

ಸಿಎಸ್‌ಆರ್ ಹೊಣೆ ಸರಾಸರಿ 10 ಕೋಟಿ ಮುಟ್ಟಿದ ಕಂಪನಿ ತನ್ನ ದೊಡ್ಡ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಯಿಸಬೇಕೆಂದು 2021ರ ನಿಯಮ ಹೇಳುತ್ತದೆ. ಆ ವರದಿ ವೆಬ್‌ಸೈಟಿನಲ್ಲಿ ಎಲ್ಲರಿಗೂ ತೆರೆದಿರಬೇಕು. ಷೇರುದಾರರಾಗಿರುವ ಕುಟುಂಬಗಳು ವಾರ್ಷಿಕ ಸಭೆಗೆ ಮುನ್ನ ಅದನ್ನು ತೆರೆದು, ಶಾಲೆಯಲ್ಲಿ ಮಕ್ಕಳು ಉಳಿದರೇ, ಕೊಳವೆಬಾವಿಯಲ್ಲಿ ಇನ್ನೂ ನೀರಿದೆಯೇ ಎಂದು ನೋಡಲಿ. ಕಂಪನಿಗೆ ಎಷ್ಟು ಲಾಭವಾಯಿತೆಂಬ ಕಲಮು ಅದರಲ್ಲಿ ಇರಬೇಕಾಗಿಲ್ಲ.