ಇಂಜೆಕ್ಷನ್ ಪಂಪು ಬಿಚ್ಚುವ ಮುನ್ನ
(ಕಿರಂಗೂರಿನಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಇಂಜೆಕ್ಷನ್ ಬಗ್ಗೆ ಮಾತನಾಡುತ್ತೇನೆಂದು ಮೊದಲೇ ತಿಳಿಸಿದ್ದರಿಂದ, ಕಾಲುಬಾಯಿ ಜ್ವರದ ಲಸಿಕೆಯ ವಿಚಾರವೆಂದು ನೀವು ಭಾವಿಸಿರಬಹುದು. ನಾನು ಹೇಳಹೊರಟಿರುವುದು ಹಳೆಯ ಕಾರಿನ ಇಂಜೆಕ್ಷನ್ ವಿಚಾರ. ನಗಬೇಡಿ. ನಿಮ್ಮಲ್ಲಿ ಅನೇಕರ ಮನೆಯ ಮುಂದೆ ಹಳೆಯ ಡೀಸೆಲ್ ಕಾರೋ ಜೀಪೋ ನಿಂತಿದೆ. ಹಿಂಡಿ, ಬೂಸ ತರುವುದು, ಹಾಲಿನ ಕ್ಯಾನನ್ನು ಡೇರಿಗೆ ಮುಟ್ಟಿಸುವುದು, ರಾತ್ರಿ ವೇಳೆ ಡಾಕ್ಟರನ್ನು ಕರೆತರುವುದು, ಎಲ್ಲವೂ ಅದರಲ್ಲೇ. ಅದು ದಾರಿಯಲ್ಲಿ ನಿಂತರೆ ನಷ್ಟ ಗಾಡಿಯದು ಮಾತ್ರವಲ್ಲ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ನನ್ನ ಬಳಿಯೂ ಒಂದು ಹಳೆಯ ಡೀಸೆಲ್ ಕಾರಿತ್ತು. ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡುತ್ತಿತ್ತು, ಏರು ಹತ್ತುವಾಗ ಪಿಕಪ್ ಇರಲಿಲ್ಲ. ಒಬ್ಬ ಮೆಕ್ಯಾನಿಕ್ ನೋಡಿದವರೇ 'ಪ್ರೆಷರ್ ಬರುತ್ತಿಲ್ಲ, ಪಂಪು ಹೋಗಿದೆ' ಎಂದರು. ಪಂಪು ಬಿಚ್ಚಿಸಿ, ರಿಪೇರಿ ಮಾಡಿಸಿ, ಸಾವಿರಾರು ರೂಪಾಯಿ ತೆತ್ತೆ. ಎಂಟು ದಿನದಲ್ಲಿ ಅದೇ ತೊಂದರೆ ಮತ್ತೆ ಬಂತು. ಒಂದು ಮಳೆಯ ರಾತ್ರಿ ಪಾಂಡವಪುರದ ಕಡೆಯ ಹಳ್ಳಿಯಿಂದ ಕರೆ ಬಂತು. ಚೊಚ್ಚಲ ಸೀಮೆಹಸು, ಕರು ಅಡ್ಡ ಸಿಕ್ಕಿಕೊಂಡಿದೆ ಎಂದರು. ಇದೇ ಕಿರಂಗೂರು ಸರ್ಕಲ್ ದಾಟಿ ಸ್ವಲ್ಪ ದೂರದಲ್ಲಿ ಗಾಡಿ ನಿಂತಿತು. ಯಾರದೋ ಬೈಕಿನ ಹಿಂದೆ ಕುಳಿತು ಹೋಗಿ ತಲುಪುವಷ್ಟರಲ್ಲಿ ತಡವಾಗಿತ್ತು. ಹಸು ಉಳಿಯಿತು, ಕರು ಉಳಿಯಲಿಲ್ಲ. ಅದು ಹೆಣ್ಣುಗರು.

ಮರುದಿನ ಒಬ್ಬ ಹಿರಿಯ ಟ್ರ್ಯಾಕ್ಟರ್ ಡ್ರೈವರ್ ಅರ್ಧ ಗಂಟೆಯಲ್ಲಿ ದೋಷ ಹಿಡಿದರು. ಟ್ಯಾಂಕಿನಿಂದ ಬರುವ ರಬ್ಬರ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಹಾಲು ಕಡಿಮೆಯಾದ ಹಸುವಿಗೆ ಮೇವು, ನೀರು ವಿಚಾರಿಸದೆ ಸೂಜಿ ಚುಚ್ಚಬೇಡಿ ಎಂದು ನಿಮಗೆ ಹೇಳುವ ನಾನೇ, ನನ್ನ ಕಾರಿನ ವಿಷಯದಲ್ಲಿ ಆ ತಪ್ಪು ಮಾಡಿದ್ದೆ.

ಈಗ ಡೀಸೆಲ್ ಸಾಗುವ ದಾರಿಯನ್ನು ತಿಳಿಯೋಣ. ಟ್ಯಾಂಕಿನಿಂದ ಫೀಡ್ ಪಂಪು ಡೀಸೆಲನ್ನು ಎಳೆದುಕೊಳ್ಳುತ್ತದೆ. ಅದು ಫಿಲ್ಟರಿನಲ್ಲಿ ಸೋಸಿ ಇಂಜೆಕ್ಷನ್ ಪಂಪಿಗೆ ಬರುತ್ತದೆ. ಆ ಪಂಪು ಅದನ್ನು ಒತ್ತಿ, ಉಕ್ಕಿನ ಸಣ್ಣ ಪೈಪುಗಳ ಮೂಲಕ ಪ್ರತಿ ಸಿಲಿಂಡರಿನ ಇಂಜೆಕ್ಟರಿಗೆ ಕಳುಹಿಸುತ್ತದೆ. ಕಾರಿನ ಟಯರಿನಲ್ಲಿ ಇರುವ ಒತ್ತಡ ಸುಮಾರು 2 ಬಾರ್. ಹಳೆಯ ಡೀಸೆಲ್ ಕಾರಿನ ಇಂಜೆಕ್ಟರ್ ತೆರೆಯಲು 100 ಬಾರ್‌ಗೂ ಹೆಚ್ಚು ಒತ್ತಡ ಬೇಕು. ಆಗಲೇ ಡೀಸೆಲ್ ಮಂಜಿನಂತೆ ಚದುರಿ ಪೂರ್ತಿ ಉರಿಯುತ್ತದೆ. ಇಂಥ ಪಂಪನ್ನು ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಆರಂಭಿಸಿತು. ನಮ್ಮಲ್ಲಿ 1951ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸಿದ ಮೈಕೋ ಇದಕ್ಕೆ ಹೆಸರಾಯಿತು. 2008ರಲ್ಲಿ ಆ ಕಂಪನಿಗೆ ಬಾಷ್ ಎಂದೇ ಹೆಸರಾಯಿತು. ಪಂಪಿನ ಒಳಭಾಗಗಳು ಬಹಳ ನಯವಾಗಿ ಹೊಂದಿಸಿದವು. ಧೂಳು, ನೀರು ಸೇರದಿದ್ದರೆ ಬಹುಕಾಲ ಬಾಳುತ್ತವೆ. ಆದ್ದರಿಂದ ಮೊದಲು ಪಂಪಿನ ಮೇಲೆ ಅನುಮಾನ ಪಡಬೇಡಿ. ಟ್ಯಾಂಕಿನಿಂದ ಆರಂಭಿಸಿ, ಒಂದೊಂದೇ ಮೆಟ್ಟಿಲು ಏರಿ.

ಒಂದು: ಟ್ಯಾಂಕು. ಡೀಸೆಲ್ ಖಾಲಿಯಾದಷ್ಟೂ ಒಳಕ್ಕೆ ಗಾಳಿ ಹೋಗಬೇಕು. ಆ ದಾರಿ ಕಟ್ಟಿದರೆ ಗಾಡಿ ಸ್ವಲ್ಪ ದೂರ ಓಡಿ ಸೊರಗುತ್ತದೆ. ಗಾಡಿ ಸೊರಗಿದಾಗ ಟ್ಯಾಂಕಿನ ಮುಚ್ಚಳ ತೆಗೆಯಿರಿ. 'ಸುಯ್' ಎಂದು ಗಾಳಿ ಒಳಗೆಳೆದು, ನಂತರ ಗಾಡಿ ಸರಿಯಾಗಿ ಓಡಿದರೆ ದೋಷ ಅಲ್ಲೇ ಇದೆ.

ಎರಡು: ನೀರು ಮತ್ತು ಫಿಲ್ಟರ್. ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ, ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಹಾಲಿಗೆ ಬೆರೆಸಿದ ನೀರನ್ನು ಹಿಡಿಯಲು ಲ್ಯಾಕ್ಟೋಮೀಟರ್ ಬೇಕು, ಇದಕ್ಕೆ ಕಣ್ಣು ಸಾಕು. ಫಿಲ್ಟರ್ ಬದಲಿಸಿ ಎಷ್ಟು ಕಾಲವಾಯಿತೆಂದು ನೆನಪಿಲ್ಲದಿದ್ದರೆ ಬದಲಿಸಿಬಿಡಿ.

ಮೂರು: ಗಾಳಿ. ಇದೇ ನನ್ನನ್ನು ಕೆಡಿಸಿದ್ದು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು ಡೀಸೆಲನ್ನು ಎಳೆಯುವ ಭಾಗ. ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರದೆ ಇರಬಹುದು. ಬದಲಿಗೆ ಗಾಳಿ ಒಳಸೇರುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳದ್ದರಿಂದ ಪೈಪು ಚೆನ್ನಾಗಿದೆ ಎಂದುಕೊಳ್ಳುತ್ತೇವೆ. ಡೀಸೆಲನ್ನು ಒತ್ತಬಹುದು, ಗಾಳಿಯನ್ನು ಒತ್ತಿದರೆ ಅದು ಕುಗ್ಗಿಬಿಡುತ್ತದೆ, ಒತ್ತಡ ಏಳುವುದಿಲ್ಲ. ಹಸುವಿಗೆ ಡ್ರಿಪ್ ಹಾಕುವಾಗ ಪಾರದರ್ಶಕ ಕೊಳವೆಯಲ್ಲಿ ಗುಳ್ಳೆ ಕಾಣುವುದಿಲ್ಲವೇ? ಹಾಗೆಯೇ ಫಿಲ್ಟರ್ ಮತ್ತು ಪಂಪಿನ ನಡುವೆ ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ತುಂಡೊಂದನ್ನು ತಾತ್ಕಾಲಿಕವಾಗಿ ಹಾಕಿ ನೋಡಿ. ಗುಳ್ಳೆ ಓಡುತ್ತಲೇ ಇದ್ದರೆ ಪೈಪು, ಕ್ಲಾಂಪು, ಫಿಲ್ಟರಿನ ವಾಷರ್ ಪರೀಕ್ಷಿಸಿ. ಸರಿಪಡಿಸಿದ ಮೇಲೆ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಏರ್ ತೆಗೆಯಿರಿ.

ನಾಲ್ಕು: ಬಾಟಲಿ ಪರೀಕ್ಷೆ. ಆ ಡ್ರೈವರ್ ಮಾಡಿದ್ದು ಇದನ್ನೇ. ಶುದ್ಧ ಡೀಸೆಲ್ ತುಂಬಿದ ಸಣ್ಣ ಕ್ಯಾನನ್ನು ಎಂಜಿನ್ನಿಗಿಂತ ಮೇಲೆ, ಬಿಸಿ ಭಾಗಗಳಿಂದ ದೂರದಲ್ಲಿ ಭದ್ರವಾಗಿ ಕಟ್ಟಿ, ಅದರಿಂದ ನೇರವಾಗಿ ಇಂಜೆಕ್ಷನ್ ಪಂಪಿಗೆ ಪೈಪು ಕೊಡಿ. ಏರ್ ತೆಗೆದು ಸ್ಟಾರ್ಟ್ ಮಾಡಿ. ಎಂಜಿನ್ ಚೆನ್ನಾಗಿ ಓಡಿದರೆ ಇಂಜೆಕ್ಷನ್ ಪಂಪಿನದು ತಪ್ಪಿಲ್ಲ. ದೋಷ ಇರುವುದು ಟ್ಯಾಂಕು, ಪೈಪು, ಫೀಡ್ ಪಂಪು, ಫಿಲ್ಟರ್ ಇವುಗಳಲ್ಲಿ. ಕ್ಯಾನು ಕಟ್ಟಿದರೂ ತೊಂದರೆ ಹಾಗೆಯೇ ಉಳಿದರೆ ಮಾತ್ರ ಮುಂದಿನ ಮೆಟ್ಟಿಲು.

ಐದು: ಪಂಪು ಮತ್ತು ಇಂಜೆಕ್ಟರ್. ಕೆಲವು ಪಂಪುಗಳಲ್ಲಿ ಡೀಸೆಲ್ ಬಿಡುವ ವಿದ್ಯುತ್ ಕವಾಟವಿದ್ದು, ಕೀ ತಿರುಗಿಸಿದಾಗ 'ಟಕ್' ಎನ್ನಬೇಕು. ಶಬ್ದವಿಲ್ಲದಿದ್ದರೆ ವೈರು ನೋಡಿ. ಇಂಜೆಕ್ಟರುಗಳನ್ನು ಡೀಸೆಲ್ ಪಂಪಿನ ಅಂಗಡಿಯಲ್ಲಿ ಯಂತ್ರಕ್ಕೆ ಹಾಕಿಸಿ, ನಿಮ್ಮ ಕಣ್ಣೆದುರೇ ಪರೀಕ್ಷಿಸಲು ಹೇಳಿ. ಎಷ್ಟು ಒತ್ತಡಕ್ಕೆ ತೆರೆಯುತ್ತದೆ, ಮಂಜಿನಂತೆ ಚದುರುತ್ತದೆಯೇ, ನಿಂತ ಮೇಲೆ ಹನಿ ತೊಟ್ಟಿಕ್ಕುತ್ತದೆಯೇ ಎಂಬ ಮೂರನ್ನು ನೋಡಿ. ಸರಿಯಾದ ಅಂಕಿ ನಿಮ್ಮ ಗಾಡಿಯ ಪುಸ್ತಕದಲ್ಲಿದೆ. ಪಂಪಿನ ಸೀಲು ಒಡೆದು ಸ್ಕ್ರೂ ತಿರುಗಿಸಿ 'ಪಿಕಪ್ ಹೆಚ್ಚಿಸುತ್ತೇನೆ' ಎನ್ನುವವರಿಗೆ ಒಪ್ಪಬೇಡಿ. ಕಪ್ಪು ಹೊಗೆ, ಡೀಸೆಲ್ ಖರ್ಚು ಎರಡೂ ಹೆಚ್ಚುತ್ತವೆ. ಕಪ್ಪು ಹೊಗೆ ಮೊದಲೇ ಇದ್ದರೆ ಗಾಳಿ ಫಿಲ್ಟರನ್ನೂ ನೋಡಿ.

ಪೆಟ್ರೋಲ್ ಇಂಜೆಕ್ಷನ್ ಕಾರಿನಲ್ಲಿ ಪಂಪು ಸಾಮಾನ್ಯವಾಗಿ ಟ್ಯಾಂಕಿನೊಳಗೇ ಇರುತ್ತದೆ. ಒತ್ತಡ ಹೆಚ್ಚಿನವುಗಳಲ್ಲಿ 3 ಬಾರ್ ಆಸುಪಾಸು. ಕೀ ತಿರುಗಿಸಿದಾಗ ಹಿಂದಿನಿಂದ ಒಂದೆರಡು ಸೆಕೆಂಡು 'ಗುಂಯ್' ಎಂಬ ಸದ್ದು ಬರದಿದ್ದರೆ ಮೊದಲು ಫ್ಯೂಸು, ರಿಲೇ ನೋಡಿ. ಪೈಪು ಮಾತ್ರ ನೀವು ಬಿಚ್ಚಬೇಡಿ, ಪೆಟ್ರೋಲಿಗೆ ಒಂದು ಕಿಡಿ ಸಾಕು.

ಇನ್ನು ಬಹು ಮುಖ್ಯವಾದ ಮಾತು. ಎಂಜಿನ್ ತಿರುಗುವಾಗ ಉಕ್ಕಿನ ಪೈಪಿನ ಸೋರಿಕೆಯನ್ನು ಎಂದಿಗೂ ಬೆರಳಿಟ್ಟು ನೋಡಬೇಡಿ. ಆ ಒತ್ತಡದ ಡೀಸೆಲ್ ಸೂಜಿಯಿಲ್ಲದೆಯೇ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಸೊಳ್ಳೆ ಕಡಿದಷ್ಟು ಗುರುತು, ನೋವೂ ಕಡಿಮೆ. ಒಳಗೆ ಮಾಂಸ ಕೊಳೆತು ಬೆರಳೋ ಕೈಯೋ ಹೋಗಬಹುದು. ಎಣ್ಣೆ ಬೆರೆಸಿದ ಲಸಿಕೆಯ ಸೂಜಿ ಕೈತಪ್ಪಿ ನಮ್ಮ ಬೆರಳಿಗೆ ಚುಚ್ಚಿದರೂ ಇಂಥದೇ ಅಪಾಯ. ಯಾವುದೇ ಆದರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ, ಒಳಗೆ ಏನು ಹೋಗಿದೆ ಎಂಬುದನ್ನು ಸ್ಪಷ್ಟವಾಗಿ ಹೇಳಿ. ಹೊಸ ಕಾಲದ ಕಾಮನ್ ರೈಲ್ ಗಾಡಿಗಳಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ. ಅವುಗಳ ಪೈಪಿಗೆ ಮನೆಯಲ್ಲಿ ಸ್ಪ್ಯಾನರ್ ಹಾಕಲೇಬೇಡಿ.

ಕೊನೆಯದಾಗಿ, ಡೀಸೆಲ್ ತರಲು ಹಾಲಿನ ಕ್ಯಾನು ಬಳಸಬೇಡಿ. ಡೀಸೆಲ್ ಮುಟ್ಟಿದ ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆಯದೆ ಕೆಚ್ಚಲು ಮುಟ್ಟಬೇಡಿ. ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ. ಒಬ್ಬರ ಹಾಲಿನ ವಾಸನೆಯಿಂದ ಇಡೀ ಸಂಘದ ಹಾಲು ಕೆಡಬಾರದು.

ಹಸುವಿಗೆ ಗರ್ಭಧಾರಣೆಯ ದಿನಾಂಕ ಬರೆದಿಡುವ ಪುಸ್ತಕದ ಕೊನೆಯ ಹಾಳೆಯಲ್ಲಿ ಫಿಲ್ಟರ್ ಬದಲಿಸಿದ ದಿನವನ್ನೂ ಬರೆದಿಡಿ. ರಬ್ಬರ್ ಪೈಪನ್ನು ಆಗಾಗ ಬೆರಳಿನಲ್ಲಿ ಬಗ್ಗಿಸಿ ನೋಡಿ. ನಾನು ಆ ಮಳೆಗಾಲದ ಮೊದಲು ಹಾಗೆ ಬಗ್ಗಿಸಿ ನೋಡಿದ್ದರೆ ಬಿರುಕು ಕಾಣುತ್ತಿತ್ತು. ಆ ಕರು ಇಷ್ಟು ಹೊತ್ತಿಗೆ ಒಂದು ಮನೆಯ ಹಾಲಿನ ಹಸುವಾಗಿರುತ್ತಿತ್ತು.