ಹೊಸ ಕಸುಬಿಗೆ ಹಳೆಯ ಹಿತೈಷಿ

ಕಸುಬು ಕಲಿಯುವುದಕ್ಕಾಗಿ ಗುರುವಿನ ಮನೆಯಲ್ಲಿಯೇ ಇರತಕ್ಕವನನ್ನು ಹಿಂದಿನವರು ‘ಅಂತೇವಾಸಿ’ ಎಂದು ಕರೆದರು. ಬಳಿಯಲ್ಲಿ ವಾಸಿಸುವವನು ಎಂದು ಆ ಮಾತಿನ ಅರ್ಥ. ಇದು ವೇದಾಧ್ಯಯನ ಮಾಡುವ ಶಿಷ್ಯನಿಗೆ ಮಾತ್ರ ಸಲ್ಲುವ ಪದವೆಂದು ತಿಳಿಯುವವರುಂಟು. ಆದರೆ ಯಾಜ್ಞವಲ್ಕ್ಯಸ್ಮೃತಿಯು ಶಿಲ್ಪವನ್ನು, ಎಂದರೆ ಕೈಗೆಲಸವನ್ನು, ಕಲಿಯುವ ಅಂತೇವಾಸಿಗೂ ನಿಯಮ ಹೇಳಿದೆ. ಕೆಲಸ ಬೇಗನೆ ಕೈಗೆ ಹತ್ತಿದರೂ ಅವನು ಒಪ್ಪಿದ ಅವಧಿ ಮುಗಿಯುವ ತನಕ ಗುರುವಿನ ಮನೆಯಲ್ಲಿಯೇ ಇರಬೇಕು, ಊಟ ಗುರುವಿನದು, ದುಡಿಮೆಯ ಫಲವೂ ಗುರುವಿನದೇ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು.

ಈ ನಿಯಮದಲ್ಲಿ ಒಂದು ಗುಣವುಂಟು, ಒಂದು ಕೊರತೆಯುಂಟು. ಕೈಗೆಲಸ ಬಂದ ಮಾತ್ರಕ್ಕೆ ಬದುಕು ಬಂದಂತಾಗಲಿಲ್ಲ, ಅನುಭವಸ್ಥರ ಬಳಿ ಇನ್ನಷ್ಟು ಕಾಲ ಇರಬೇಕು ಎಂಬುದು ಗುಣ. ಆ ಕಾಲದ ಗಳಿಕೆಯೆಲ್ಲ ಕಲಿಸಿದವನಿಗೆ ಸೇರುವುದು ಕೊರತೆ. ಇಂದು ಹೊಸದಾಗಿ ಉದ್ಯಮ ಹೂಡುವ ನಮ್ಮ ಮಕ್ಕಳಿಗೆ ಮೊದಲನೆಯದು ಬೇಕು, ಎರಡನೆಯದು ಬೇಡ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ಹೋಬಳಿಯ ಊರಿನಲ್ಲಿ ಒಬ್ಬ ಹುಡುಗ ಪಂಪುಸೆಟ್ಟಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ಬ್ಯಾಂಕಿನ ಸಾಲ ಸಾಲದೆ ತಾಯಿಯ ಬಳೆಯೂ ಅಡವಿಗೆ ಹೋಗಿದೆ. ಕೆಲಸಕ್ಕೆ ಕೊರತೆಯಿಲ್ಲ. ಆದರೂ ನಾಲ್ಕನೆಯ ತಿಂಗಳಿಗೆ ಕಂತು ಕಟ್ಟಲು ಕೈಯಲ್ಲಿ ಕಾಸಿಲ್ಲ! ಏಕೆ? ತಾಮ್ರದ ತಂತಿಯನ್ನು ನಗದು ಕೊಟ್ಟು ತರುತ್ತಾನೆ. ರೈತರು ಬೆಳೆ ಬಂದ ಮೇಲೆ ಕೊಡುತ್ತೇವೆಂದು ಉದ್ದರಿ ಹೇಳುತ್ತಾರೆ. ಒಂದು ಮೋಟಾರಿಗೆ 3,000 ರೂಪಾಯಿ ಹೇಳಿದನೆನ್ನೋಣ. ತಂತಿ, ವಾರ್ನಿಷುಗಳಿಗೆ 2,200 ಹೋಯಿತು. ಉಳಿದ 800 ಲಾಭವೆಂದು ಭಾವಿಸಿದ. ಅಂಗಡಿಯ ಬಾಡಿಗೆ, ವಿದ್ಯುತ್ತು, ಸಾಲದ ಬಡ್ಡಿ, ತನ್ನದೇ ಎರಡು ದಿನದ ಕೂಲಿ, ಇವು ಯಾವುವೂ ಅವನ ಲೆಕ್ಕದಲ್ಲಿಲ್ಲ. ಮನೆಯ ಹಣವೂ ಅಂಗಡಿಯ ಹಣವೂ ಒಂದೇ ಜೇಬಿನಲ್ಲಿವೆ. ಅವನು ತನ್ನ ಹಣೆಯಬರಹವನ್ನು ಹಳಿದು ಬೀಗ ಹಾಕುತ್ತಾನೆ. ಬಳೆ ಹರಾಜಾಗುತ್ತದೆ.

ಆ ನಾಲ್ಕನೆಯ ತಿಂಗಳಲ್ಲಿ ವ್ಯವಹಾರ ಬಲ್ಲ ಒಬ್ಬರು ಬಂದು, “ಬರಬೇಕಾದ ಬಾಕಿ ಎಷ್ಟು? ನಿನ್ನ ಕೂಲಿಯನ್ನು ಬರೆದುಕೊಂಡೆಯಾ? ಅರ್ಧ ಹಣವನ್ನು ಮುಂಗಡ ಏಕೆ ಕೇಳಲಿಲ್ಲ?” ಎಂದು ಮೂರು ಪ್ರಶ್ನೆ ಕೇಳಿದ್ದರೆ ಆ ಅಂಗಡಿ ಉಳಿಯುತ್ತಿತ್ತೋ ಏನೋ. ಹಾಗೆ ಕೇಳುವವರೇ ಮಾರ್ಗದರ್ಶಿಗಳು.

ಇದನ್ನು ಬಲ್ಲವರು ನಮ್ಮ ನಾಡಿನಲ್ಲಿಯೇ ಇದ್ದಾರೆ. 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕುಗಳ ನೆರವಿನೊಡನೆ ‘ರುಡ್‌ಸೆಟ್’ ಸಂಸ್ಥೆ ಹುಟ್ಟಿತು. (ಆ ಎರಡು ಬ್ಯಾಂಕುಗಳು 2020ರಲ್ಲಿ ಒಂದಾದವು.) ನಿರುದ್ಯೋಗಿ ಯುವಕ ಯುವತಿಯರಿಗೆ ಅಲ್ಲಿ ಊಟ ವಸತಿಗಳೊಡನೆ ಶುಲ್ಕವಿಲ್ಲದೆ ತರಬೇತಿ. ತರಬೇತಿ ಕೆಲವೇ ವಾರಗಳದು. ಅದು ಮುಗಿದ ಮೇಲೆ ಸುಮಾರು ಎರಡು ವರ್ಷ ಆ ಅಭ್ಯರ್ಥಿಯ ಬೆನ್ನ ಹಿಂದೆ ನಿಂತು ವಿಚಾರಿಸುವ ಏರ್ಪಾಡುಂಟು. ಕೇಂದ್ರ ಸರ್ಕಾರವು ಮುಂದೆ ಜಿಲ್ಲೆಗೊಂದರಂತೆ ಇಂಥ ಕೇಂದ್ರಗಳನ್ನು ಬ್ಯಾಂಕುಗಳ ಮೂಲಕ ತೆರೆಯಿಸಲು ಇದನ್ನೇ ಮಾದರಿಯಾಗಿ ಇಟ್ಟುಕೊಂಡಿತು. ವಾರಗಳಲ್ಲಿ ಕಲಿಸಿ ವರ್ಷಗಳ ಕಾಲ ವಿಚಾರಿಸುವುದು! ಅಂತೇವಾಸಿಯ ಅವಧಿಯೇ ಬೇರೊಂದು ರೂಪದಲ್ಲಿ ಬಂದಂತಾಯಿತು. ಫಲ ಮಾತ್ರ ಕಲಿತವನ ಬಳಿಯೇ ಉಳಿಯಿತು. 1983ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಅವೇಕ್’ ಎಂಬ ಮಹಿಳಾ ಉದ್ಯಮಿಗಳ ಸಂಘದಲ್ಲಿ, ಮೊದಲೇ ಆ ದಾರಿ ನಡೆದ ಹೆಂಗಸರು ಹೊಸದಾಗಿ ಹೊರಟವರಿಗೆ ಬುದ್ಧಿ ಹೇಳುತ್ತ ಬಂದಿದ್ದಾರೆ.

ಮಾರ್ಗದರ್ಶಿಗೂ ಕೆಲವು ಕಟ್ಟುಪಾಡುಗಳಿರಬೇಕು. ಅವರು ಲಾಭದಲ್ಲಿ ಪಾಲು ಕೇಳಬಾರದು. ಕೇಳಿದರೆ ಹಿತವಚನದಲ್ಲಿ ಸ್ವಾರ್ಥ ಬೆರೆಯುತ್ತದೆ. ಸಾಲ ಕೊಡಬಾರದು, ಕೊಟ್ಟರೆ ಹುಡುಗನು ನಷ್ಟದ ಸುದ್ದಿಯನ್ನು ಅವರಿಂದಲೇ ಮುಚ್ಚಿಡುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಅವನ ನಿರ್ಧಾರವನ್ನು ತಾವು ಮಾಡಬಾರದು. ಉಪಾಧ್ಯಾಯನು ಉತ್ತರಪತ್ರಿಕೆಯನ್ನು ತಿದ್ದಬಹುದು, ಶಿಷ್ಯನ ಪರವಾಗಿ ಪರೀಕ್ಷೆ ಬರೆಯಲಾಗದು. ವ್ಯಾಪಾರ ಬೆಳೆದು ಆಳುಗಳನ್ನು ಇಡುವಾಗ, ಎರಡನೆಯ ಅಂಗಡಿ ತೆರೆಯುವಾಗ, ಪ್ರಶ್ನೆಗಳು ಹೊಸವು. ಆಗಲೂ ಕೇಳುವುದಕ್ಕೆ ಒಬ್ಬರಿರಬೇಕು, ಉತ್ತರವನ್ನು ಅವನೇ ಕಂಡುಕೊಳ್ಳಬೇಕು.

ಇಂಥ ಸಂಸ್ಥೆಗಳು ಎಷ್ಟಿದ್ದರೂ ಸಾಲವು. ಈ ಭಾಷಣವನ್ನು ಕೇಳುತ್ತಿರುವ ನಿಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿರಬಹುದು. ಮೂವತ್ತು ವರ್ಷ ಜವಳಿ ಅಂಗಡಿ ನಡೆಸಿದವರಿರಬಹುದು. ಹಪ್ಪಳ ಸಂಡಿಗೆ ಮಾರಿ ಮನೆ ನಡೆಸಿದ ತಾಯಂದಿರೂ ಇರಬಹುದು. ನಿಮ್ಮ ಬೀದಿಯಲ್ಲಿ ಈ ವರ್ಷ ಬಾಗಿಲು ತೆರೆದ ಹೊಸ ಅಂಗಡಿ ಯಾವುದೆಂದು ನಿಮಗೆ ಗೊತ್ತು. ತಿಂಗಳಿಗೊಮ್ಮೆ ಅಲ್ಲಿ ಅರ್ಧ ಗಂಟೆ ಕುಳಿತು, ಲೆಕ್ಕದ ಪುಸ್ತಕ ತೋರಿಸಪ್ಪಾ ಎಂದು ಸಲಿಗೆಯಿಂದ ಕೇಳಿರಿ. ಅವನು ಮೊದಲು ಸಂಕೋಚಪಟ್ಟಾನು. ಎರಡನೆಯ ತಿಂಗಳು ತಾನಾಗಿಯೇ ಪುಸ್ತಕವನ್ನು ನಿಮ್ಮ ಮುಂದೆ ಇಟ್ಟಾನು.